ಕಾರಿನ ಚಿತ್ರದಲ್ಲಿ ಕೈ ಬಿಗಿಹಿಡಿಯುವುದೆಲ್ಲಿ, ಸಡಿಲಿಸುವುದೆಲ್ಲಿ

ಗ್ರಾಹಕರಿಗಾಗಿ ಕಾರುಗಳ ತೈಲವರ್ಣ ಚಿತ್ರ ಬರೆದುಕೊಡುವುದು ನನ್ನ ವೃತ್ತಿ. ಛಾಯಾಚಿತ್ರದಂತೆ ನುಣುಪಾಗಿ ಅಲ್ಲ. ಅಗಲವಾದ ಬ್ರಷ್‌ನಿಂದ ಧಾರಾಳವಾಗಿ ಬಣ್ಣ ಹಾಕಿ, ಕುಂಚದ ಎಳೆತಗಳು ಕಣ್ಣಿಗೆ ಕಾಣುವಂತೆಯೇ ಉಳಿಸುತ್ತೇನೆ. ಹೊಸಬರು ಹೀಗೆ ಬರೆಯುವುದೆಂದರೆ ಎಲ್ಲವನ್ನೂ ಅಂದಾಜಿಗೆ ಬಿಡುವುದು ಎಂದುಕೊಳ್ಳುತ್ತಾರೆ. ಮರವೋ ಮೋಡವೋ ಆದರೆ ಅಂದಾಜು ನಡೆಯುತ್ತದೆ; ಕಾರು ಯಂತ್ರದ ಅಳತೆಯಲ್ಲಿ ಹುಟ್ಟಿದ ವಸ್ತು, ಅದರ ಆಕಾರ ನೋಡುವವರಿಗೆಲ್ಲ ಬಾಯಿಪಾಠವಾಗಿರುತ್ತದೆ.

ಆದ್ದರಿಂದ ನಾನು ಮೊದಲು ಬಿಗಿಹಿಡಿಯುವುದು ಗಾಲಿಗಳನ್ನು. ಓರೆಯಿಂದ ನೋಡಿದಾಗ ದೀರ್ಘವೃತ್ತವಾಗಿ ಕಾಣುವ ಗಾಲಿಯ ಕಿರಿಯ ಅಕ್ಷವು, ಅಂದರೆ ಅದರ ಅತಿ ಕಿರಿದಾದ ಅಡ್ಡಳತೆಯ ಗೆರೆಯು, ಗಾಲಿ ತಿರುಗುವ ಅಚ್ಚಿನ (ಆಕ್ಸಲ್‌ನ) ದಿಕ್ಕಿನಲ್ಲೇ ಇರಬೇಕು. ಅದು ತುಸು ವಾಲಿದರೂ, ಮೇಲಿನ ಬಣ್ಣ ಎಷ್ಟೇ ಸೊಗಸಾಗಿದ್ದರೂ, ಗಾಲಿ ಕಳಚಿ ಬೀಳುವಂತೆ ತೋರುತ್ತದೆ. ವಾಲಿಕೆ ಸರಿಯಾದ ಮೇಲೆ ಟೈರಿನ ಮೇಲಂಚನ್ನು ಮಡ್‌ಗಾರ್ಡಿನ ಕತ್ತಲಲ್ಲಿ ಕರಗಿಸಿಬಿಡಬಹುದು. ಇನ್ನು, ಟೈರು ನೆಲ ಮುಟ್ಟುವ ಜಾಗದ ನೆರಳು ಇಡೀ ಚಿತ್ರದಲ್ಲೇ ಅತಿ ಗಾಢವಾಗಿರದಿದ್ದರೆ ಕಾರು ತೇಲುತ್ತದೆ. ಅದಕ್ಕೆ ಅಲ್ಟ್ರಾಮರೀನ್ ನೀಲಿಯನ್ನೂ ಕೆಂಗಂದಿನ ಬರ್ನ್ಟ್ ಸಿಯೆನ್ನಾವನ್ನೂ ಬೆರೆಸುತ್ತೇನೆ. ಟ್ಯೂಬಿನ ಕಪ್ಪು ನನಗೆ ಸತ್ತಂತೆ ಕಾಣುತ್ತದೆ.

ಕೈ ಸಡಿಲಿಸುವುದು ಕಾರಿನ ಮೈಯ ಮೇಲೆ. ಹೊಳಪಿನ ಪೇಂಟು ಕನ್ನಡಿಯೇ ಆದ್ದರಿಂದ ಬಾನೆಟ್ಟು ಮತ್ತು ಛಾವಣಿ ಆಕಾಶದ ಬೆಳಕನ್ನು, ಬಾಗಿಲಿನ ಕೆಳಭಾಗ ನೆಲದ ಬಣ್ಣವನ್ನು ತೋರುತ್ತವೆ. ನಡುವೆ ದಿಗಂತದ ಗಾಢ ಪಟ್ಟಿಯೊಂದು ಹಾದುಹೋಗುತ್ತದೆ. ಕೆಂಪು ಕಾರೆಂದು ಬರೀ ಕೆಂಪನ್ನೇ ಬಳಿದರೆ ಪ್ಲಾಸ್ಟಿಕ್ ಆಟಿಕೆಯಾಗುತ್ತದೆ. ಬೆಳಕಿನ ಪಟ್ಟಿಯನ್ನು ಮಣಿಕಟ್ಟಿನಿಂದಲ್ಲ, ಭುಜದಿಂದ, ಮೈಯ ಬಾಗನ್ನು ಅನುಸರಿಸಿ ಒಂದೇ ಉಸಿರಿನಲ್ಲಿ ಎಳೆಯಬೇಕು. ಕೊನೆಯಲ್ಲಿ ಬಣ್ಣ ತೀರಿ ಕ್ಯಾನ್ವಾಸಿನ ನೇಯ್ಗೆ ಇಣುಕಿದರೆ ಅದನ್ನು ಹಾಗೆಯೇ ಬಿಡುತ್ತೇನೆ.

ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹೋಲ್ 1979ರಲ್ಲಿ ಬಿಎಂಡಬ್ಲ್ಯು ಎಂ1 ಕಾರಿನ ಮೈಗೇ ಅರ್ಧ ಗಂಟೆಯೊಳಗೆ ತಮ್ಮ ಕೈಯಾರೆ ಬಣ್ಣ ಬಳಿದರು; ಅದು ಅದೇ ವರ್ಷ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಕಾರು ಓಟದಲ್ಲಿ 6ನೇ ಸ್ಥಾನ ಪಡೆಯಿತು. ಆ ಬಿರುಸನ್ನು ಹಲವರು ನನಗೆ ಉದಾಹರಿಸುತ್ತಾರೆ. ಆದರೆ ವಾರ್ಹೋಲ್ ಅವರಿಗೆ ಆಕಾರವನ್ನು ಕಾರ್ಖಾನೆಯೇ ಕೊಟ್ಟಿತ್ತು; ಖಾಲಿ ಕ್ಯಾನ್ವಾಸಿನ ಮುಂದೆ ನಿಂತವರಿಗೆ ಆ ಅನುಕೂಲವಿಲ್ಲ.

ಮಾಲೀಕರು ಹೆಚ್ಚಾಗಿ ಕೇಳುವುದು ಲಾಂಛನ ಮತ್ತು ನಂಬರ್ ಪ್ಲೇಟು ಸ್ಪಷ್ಟವಾಗಿರಲಿ ಎಂದು. ಅಕ್ಷರಗಳನ್ನು ಬಿಡಿಸಿ ಬರೆದರೆ ಕಣ್ಣು ಅಲ್ಲೇ ಅಂಟಿಕೊಳ್ಳುವುದರಿಂದ, ಎರಡು ಮೂರು ಗುರುತುಗಳಲ್ಲಿ ಸೂಚಿಸಿ, ಚಿತ್ರವನ್ನು ದೂರದಲ್ಲಿಟ್ಟು ಅವರಿಗೆ ತೋರಿಸುತ್ತೇನೆ. ಎಳೆತವೊಂದು ಕೆಟ್ಟರೆ ಅದರ ಮೇಲೆಯೇ ತಿದ್ದುವುದಿಲ್ಲ, ಬಣ್ಣಗಳು ಕಲಸಿ ಕೆಸರಾಗುತ್ತವೆ. ಬಣ್ಣ ಬೆರೆಸುವ ಮೊಂಡು ಚಾಕುವಾದ ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆದು, ಹೊಸ ಬಣ್ಣ ತುಂಬಿದ ಬ್ರಷ್‌ನಿಂದ ಮತ್ತೆ ಎಳೆಯುತ್ತೇನೆ.