ಎದುರಿಗೆ ಯಾರೂ ಇಲ್ಲದ ಗರಾಕ್

ಸ್ಟಾರ್ ಟ್ರೆಕ್‌ನಲ್ಲಿ ಯಾರು ಇಷ್ಟ ಅಂತ ಕೇಳಿದರೆ ಹೆಚ್ಚಿನವರು ಸ್ಪಾಕ್ ಹೆಸರು ಹೇಳುತ್ತಾರೆ. ನನಗೆ ಮಾತ್ರ ಅದೇ ಸರಣಿಯ, ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಯುವ ಟಿವಿ ಧಾರಾವಾಹಿ ‘ಡೀಪ್ ಸ್ಪೇಸ್ ನೈನ್’ನ ಟೈಲರ್ ಎಲಿಮ್ ಗರಾಕ್. ಕಾರ್ಡೇಸಿಯಾ ಅನ್ನುವ ತನ್ನ ಗ್ರಹದಿಂದ ಗಡೀಪಾರಾದ ಗೂಢಚಾರ. ನಮ್ಮಪ್ಪ ದಾವಣಗೆರೆಯಲ್ಲಿ ಟೈಲರ್. ಅಳತೆ ಕೊಡುತ್ತಾ ನಿಂತವರು ಮನೆ ವಿಷಯವನ್ನೆಲ್ಲ ಹೇಳಿಕೊಳ್ಳುವುದನ್ನು ಕೇಳುತ್ತಲೇ ಬೆಳೆದವಳು ನಾನು. ಗೂಢಚಾರನಿಗೆ ಈ ಕಸುಬು ಕೊಟ್ಟವರಿಗೆ ಜನರ ಪರಿಚಯ ಚೆನ್ನಾಗಿತ್ತು ಅನಿಸುತ್ತದೆ.

ಗರಾಕ್ ಸುಳ್ಳು ಹೇಳುತ್ತಾನೆ. 1994ರ ‘ದಿ ವೈರ್’ ಕಂತಿನಲ್ಲಿ ತನ್ನನ್ನು ಯಾಕೆ ಓಡಿಸಿದರು ಅನ್ನುವುದಕ್ಕೆ ನಿಲ್ದಾಣದ ವೈದ್ಯ, ಗೆಳೆಯ ಡಾಕ್ಟರ್ ಬಶೀರ್‌ಗೆ ಒಂದೊಂದು ಸಲ ಒಂದೊಂದು ಕಥೆ ಹೇಳುತ್ತಾನೆ. ಎಲಿಮ್ ಅನ್ನುವ ಗೆಳೆಯನಿಗೆ ದ್ರೋಹ ಮಾಡಿದೆ ಅನ್ನುತ್ತಾನೆ. ಆಮೇಲೆ ನೋಡಿದರೆ ಎಲಿಮ್ ಅನ್ನುವುದು ಅವನದೇ ಹೆಸರು! ಧಾರಾವಾಹಿ ಮುಗಿದರೂ ನಿಜವಾದ ಕಾರಣ ಹೊರಗೆ ಬರುವುದಿಲ್ಲ.

ಇಂಥವನ ಬಗ್ಗೆ ಕಾದಂಬರಿ ಬರೆಯುವುದು ಹೇಗೆ? 2000ದಲ್ಲಿ ‘ಎ ಸ್ಟಿಚ್ ಇನ್ ಟೈಮ್’ ಬರೆದದ್ದು ಗರಾಕ್ ಪಾತ್ರ ಮಾಡಿದ ನಟ ಆಂಡ್ರ್ಯೂ ರಾಬಿನ್ಸನ್ನೇ. ಅಭಿಮಾನಿಗಳ ಸಮಾವೇಶಗಳಲ್ಲಿ ಓದಲು ಗರಾಕ್‌ನ ಡೈರಿ ಅಂತ ಬರೆದಿಟ್ಟುಕೊಂಡಿದ್ದದ್ದೇ ಬೆಳೆದು ಪುಸ್ತಕವಾಯಿತು. ಇಡೀ ಕಾದಂಬರಿ ಬಶೀರ್‌ಗೆ ಬರೆದ ಒಂದು ಉದ್ದದ ಪತ್ರ. ನನಗೆ ಇದೇ ಮುಖ್ಯ. ತೆರೆಯ ಮೇಲೆ ಗರಾಕ್ ಎದುರಿಗೆ ಯಾವಾಗಲೂ ಒಂದು ಮುಖ ಇರುತ್ತದೆ. ಆ ಮುಖ ನೋಡಿಕೊಂಡೇ ಅವನು ಮಾತು ತಿರುಗಿಸುತ್ತಾನೆ. ಪತ್ರದಲ್ಲಿ ಆ ಮುಖ ಇಲ್ಲ. ಧಾರಾವಾಹಿಯ ಕೊನೆಗೆ ಮುಗಿಯುವ ಯುದ್ಧದಲ್ಲಿ ಎಂಬತ್ತು ಕೋಟಿ ಜನ ಸತ್ತ ಕಾರ್ಡೇಸಿಯಾಕ್ಕೆ ವಾಪಸ್ ಬಂದು, ಹಾಳುಬಿದ್ದ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಕೂತು ಬರೆಯುತ್ತಾನೆ. ಬಿದ್ದ ಗೋಡೆಯ ಕಲ್ಲುಗಳನ್ನು ಆರಿಸಿ ಒಂದರ ಮೇಲೊಂದು ಜೋಡಿಸುತ್ತಾನೆ. ಅದು ಸತ್ತವರ ಸ್ಮಾರಕವಾಗುತ್ತದೆ, ಅಕ್ಕಪಕ್ಕದ ಜನ ಬಂದು ನಿಲ್ಲುತ್ತಾರೆ.

ಒಂದು ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 1995ರ ‘ದಿ ಡೈ ಈಸ್ ಕಾಸ್ಟ್’ ಕಂತಿನಲ್ಲಿ ಗರಾಕ್ ಗೂಢಚಾರ ಸಂಸ್ಥೆಯ ತನ್ನ ಹಳೇ ಯಜಮಾನ ಟೇನ್ ಜೊತೆ ಕೂತು ಹಳೇ ದಿನಗಳ ಮಾತಾಡುತ್ತಾನೆ. ಪಾರ್ಮಾಕ್ ಅನ್ನುವ ಡಾಕ್ಟರ ವಿಚಾರಣೆಯ ಕಥೆ ಬರುತ್ತದೆ. ಗರಾಕ್ ಹೊಡೆಯಲಿಲ್ಲ, ಬಡಿಯಲಿಲ್ಲ. ಗಂಟೆಗಟ್ಟಲೆ ಸುಮ್ನೆ ಅವರ ಕಣ್ಣನ್ನೇ ನೋಡುತ್ತಾ ಕೂತ. ಅಷ್ಟಕ್ಕೇ ಆ ಮನುಷ್ಯ ಎಲ್ಲ ಒಪ್ಪಿಕೊಂಡರು. ಧಾರಾವಾಹಿಗೆ ಅದು ಎರಡು ಸಾಲಿನ ಜಂಬ, ಅಷ್ಟೇ. ರಾಬಿನ್ಸನ್ ಆ ಹೆಸರನ್ನು ಬಿಡಲಿಲ್ಲ. ಕಾದಂಬರಿಯಲ್ಲಿ ಅದೇ ಪಾರ್ಮಾಕ್ ಜೀವಂತ ಬರುತ್ತಾರೆ. ಅವಶೇಷಗಳ ನಡುವೆ ಗಾಯಾಳುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಗರಾಕ್ ಪಕ್ಕದಲ್ಲೇ ಇರುತ್ತಾರೆ. ತಾನು ಮುರಿದು ಹಾಕಿದ ಮನುಷ್ಯನ ಜೊತೆ ದಿನಾ ಕೆಲಸ ಮಾಡಬೇಕು. ಇದನ್ನು ಓದಿದ ಮೇಲೆ ಆ ಕಂತನ್ನು ಮತ್ತೆ ನೋಡಿದೆ. ಅವರಿಬ್ಬರ ನಗು ಕೇಳಲು ಆಗಲಿಲ್ಲ.

ಎಲ್ಲವೂ ಹಿಡಿಸಿತು ಅಂತಲ್ಲ. ಗಡೀಪಾರಿನ ಕಾರಣವನ್ನು ಪುಸ್ತಕ ನೇರವಾಗಿ ಹೇಳಿಬಿಡುತ್ತದೆ: ಒಂದು ಪ್ರೇಮ, ಒಂದು ಕೊಲೆ. ನನಗದು ಬೇಕಿರಲಿಲ್ಲ. ‘ದಿ ವೈರ್’ನ ಆ ಕಥೆಗಳಲ್ಲಿದ್ದ ನೋವೇ ಜಾಸ್ತಿ ನಿಜ ಅನಿಸಿತ್ತು. ಆದರೆ ಅವನನ್ನು ಸಾಕಿ, ತೋಟದ ಕೆಲಸ ಕಲಿಸಿದ ಟೋಲನ್‌ನ ಪುಟಗಳಿಗಾಗಿ ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮುಂದೆ ಲೇಖಕಿ ಉನಾ ಮ್ಯಾಕ್‌ಕಾರ್ಮಾಕ್ ಈ ಪಾತ್ರವನ್ನು ಕೈಗೆತ್ತಿಕೊಂಡರು. ಅವರು ಧಾರಾವಾಹಿಯನ್ನು ಎಷ್ಟು ಗಮನವಿಟ್ಟು ನೋಡಿದ್ದಾರೆ ಅಂದರೆ, ಗರಾಕ್ ಮತ್ತು ಬಶೀರ್ ಹರಟೆಯಲ್ಲಿ ಬಂದುಹೋಗುವ ಕಾರ್ಡೇಸಿಯನ್ ಸಾಹಿತ್ಯದ ಹೆಸರುಗಳನ್ನೇ ತಮ್ಮ ಪುಸ್ತಕಗಳಿಗೆ ಇಟ್ಟರು: 2009ರ ‘ದಿ ನೆವರ್ ಎಂಡಿಂಗ್ ಸ್ಯಾಕ್ರಿಫೈಸ್’, 2017ರ ‘ಎನಿಗ್ಮಾ ಟೇಲ್ಸ್’. ಎನಿಗ್ಮಾ ಟೇಲ್ ಅಂದರೆ ಎಲ್ಲರೂ ತಪ್ಪಿತಸ್ಥರಾಗಿರುವ ಪತ್ತೇದಾರಿ ಕಥೆ. ಯಾರು ಯಾವ ತಪ್ಪು ಮಾಡಿದರು ಅನ್ನುವುದಷ್ಟೇ ಅಲ್ಲಿ ಒಗಟು. ಯುದ್ಧಾಪರಾಧಗಳ ಲೆಕ್ಕ ತೀರಿಸಬೇಕಾದ ದೇಶಕ್ಕೆ ಇದಕ್ಕಿಂತ ಸರಿಯಾದ ಹೆಸರು ಬೇಕಾ? ಇಲ್ಲಿ ಗರಾಕ್ ಕಾರ್ಡೇಸಿಯಾದ ಮುಖ್ಯಸ್ಥ. ಈಗಲೂ ಬಶೀರ್‌ಗೆ ಪತ್ರ ಬರೆಯುತ್ತಾನೆ, ಆದರೆ ಬಶೀರ್ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ. ಅಧಿಕಾರ ಕೈಗೆ ಬಂದ ಮೇಲೂ ಅವನು ನಿಜ ಹೇಳಿಕೊಳ್ಳುವುದು ಆ ಒಬ್ಬನಿಗೇ.

ಹೊಸದಾಗಿ ಶುರು ಮಾಡುವವರು ಮೊದಲು ನಾನು ಹೇಳಿದ ಎರಡು ಕಂತು ನೋಡಿ. ಆಮೇಲೆ ‘ಎ ಸ್ಟಿಚ್ ಇನ್ ಟೈಮ್’. 2023ರಲ್ಲಿ ಅದರ ಆಡಿಯೋ ಬುಕ್ ಬಂದಿದೆ, ಓದಿರುವುದು ಸ್ವತಃ ರಾಬಿನ್ಸನ್. ಸಾಧ್ಯವಾದರೆ ಅದನ್ನೇ ಕೇಳಿ.