ಮರದ ದಿಂಬಿನ ಮೇಲೆ ಮಲಗಿದರೆ ಕತ್ತು ನೋಯಲ್ವಾ?

ದಕ್ಷಿಣ ಸುಡಾನಿನ ಡಿಂಕಾ ಜನರ ಮರದ ತಲೆದಿಂಬಿನ ಫೋಟೋ ಹಾಕಿದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಮೂರೋ ನಾಲ್ಕೋ ಕಾಲಿನ ಪುಟ್ಟ ಮರದ ತುಂಡು. ಅದರ ಮೇಲೆ ನಿದ್ದೆ ಹೇಗೆ ಬರುತ್ತದೆ ಅಂತ ಕೇಳುತ್ತಾರೆ.

ತಲೆಯನ್ನು ಪೂರ್ತಿ ಅದರ ಮೇಲೆ ಇಡಬೇಕಿಲ್ಲ. ಮಗ್ಗುಲಾಗಿ ಮಲಗಿದಾಗ ಭುಜಕ್ಕೂ ತಲೆಗೂ ನಡುವೆ ಒಂದು ಸಂದು ಉಳಿಯುತ್ತದೆ ಅಲ್ವಾ? ಮರ ತುಂಬುವುದು ಆ ಸಂದನ್ನು. ಕಿವಿಯ ಕೆಳಗೆ, ಕತ್ತಿನ ಹತ್ತಿರ ಆಸರೆ ಸಿಗುತ್ತದೆ. ಇನ್ನೊಂದು ಕಾರಣ ಕೂದಲು. ಡಿಂಕಾ ಗಂಡಸರು ದನದ ಗಂಜಲದಿಂದ ಕೂದಲನ್ನು ಕೆಂಚಾಗಿಸಿ, ಶ್ರದ್ಧೆಯಿಂದ ಸಿಂಗರಿಸಿಕೊಳ್ಳುತ್ತಿದ್ದರು. ತಲೆ ನೆಲಕ್ಕೆ ತಾಗದಿದ್ದರೆ ಆ ಸಿಂಗಾರ ಕೆಡುವುದಿಲ್ಲ. ಪ್ರಾಚೀನ ಈಜಿಪ್ಟಿನಲ್ಲೂ ಇಂಥ ಗಟ್ಟಿ ತಲೆದಿಂಬುಗಳಿದ್ದವು. 1922ರಲ್ಲಿ ಪತ್ತೆಯಾದ, ಅಲ್ಲಿನ ರಾಜ ಟುಟಂಖಾಮನ್‌ನ ಗೋರಿಯಲ್ಲಿ ದಂತದ್ದೇ ಒಂದು ಸಿಕ್ಕಿತ್ತು.

ಬೇಸಿಗೆಯಲ್ಲಿ ಡಿಂಕಾ ಜನ ದನ ಹೊಡೆದುಕೊಂಡು ನದಿ ಬಯಲಿನ ಹುಲ್ಲುಗಾವಲಿಗೆ ಹೋಗುತ್ತಾರೆ. ಅಲ್ಲಿ ಬಿಡಾರ ಹೂಡುತ್ತಾರೆ. ಬೇಕಾದ್ದನ್ನೆಲ್ಲ ಹೊತ್ತೇ ಸಾಗಬೇಕು. ಹಗಲು ಕೂರುವ ಮಣೆ, ರಾತ್ರಿ ತಲೆದಿಂಬು, ಎರಡೂ ಒಂದೇ ಮರ. ದೊಡ್ಡ ಸಾಮಾನು ಅಲ್ಲಿ ಬರೀ ಹೊರೆ.

ನನಗೆ ತುಂಬ ಇಷ್ಟವಾಗುವುದು ಅದನ್ನು ಮಾಡುವ ರೀತಿ. ಹಲಗೆ ಕತ್ತರಿಸಿ, ಕಾಲು ಜೋಡಿಸಿ ಮಾಡುವುದಲ್ಲ. ಕವಲೊಡೆದ ಕೊಂಬೆಯನ್ನೋ ಬೇರನ್ನೋ ಹುಡುಕುತ್ತಾರೆ. ಕವಲುಗಳೇ ಕಾಲುಗಳಾಗುತ್ತವೆ, ಬಾಗಿದ ಭಾಗವೇ ಬೆನ್ನು. ಬೇಡದ್ದನ್ನಷ್ಟೇ ಕೆತ್ತಿ ತೆಗೆಯುತ್ತಾರೆ. ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಕೆಲವಂತೂ ಈಗಲೇ ಎದ್ದು ನಡೆಯುವ ಪ್ರಾಣಿಯ ಹಾಗೇ ಕಾಣುತ್ತವೆ. ಡಿಂಕಾ ಯುವಕನಿಗೆ ತನ್ನ ಮೆಚ್ಚಿನ ಎತ್ತಿನಿಂದಲೇ ಒಂದು ಹೆಸರು ಬರುತ್ತದೆ. ಕುಣಿಯುವಾಗ ಅದರ ಕೊಂಬಿನ ಆಕಾರದಲ್ಲಿ ಕೈ ಎತ್ತುತ್ತಾನೆ. ದಿನವಿಡೀ ದನಗಳ ಮೈಕಟ್ಟು, ಬಣ್ಣ, ಕೊಂಬು ನೋಡಿ ಪಳಗಿದ ಕಣ್ಣು ಕಾಡಿನ ಕೊಂಬೆಯಲ್ಲೂ ಪ್ರಾಣಿಯನ್ನು ಕಾಣುತ್ತದೆ ಅಂತ ನಾನು ನಂಬುತ್ತೇನೆ.

ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿ ದಕ್ಷಿಣ ಸುಡಾನಿನ ತಲೆದಿಂಬುಗಳಿವೆ. ಇಂಥದ್ದು ಎಲ್ಲಿ ಕಂಡರೂ ಸುಮ್ನೆ ಪ್ರಾಣಿಯ ಗೊಂಬೆ ಅಂದುಕೊಂಡು ಮುಂದೆ ಹೋಗಬೇಡಿ. ಬಳಸಿದ ದಿಂಬಾದರೆ ಅದರ ಬೆನ್ನು ಸವೆದು ಹೊಳೆಯುತ್ತಿರುತ್ತದೆ. ಮೊದಲು ಆ ಜಾಗ ನೋಡಿ, ಆಮೇಲೆ ಕಾಲುಗಳನ್ನು.