ಬಲ್ಮಠದಲ್ಲಿ ಕಲಿತ ಓದು

ಮಂಗಳೂರಿನ ಬಲ್ಮಠದ ನಮ್ಮ ದೈವಶಾಸ್ತ್ರ ಕಾಲೇಜು ಸ್ಥಾಪನೆಯಾದದ್ದು 1965ರಲ್ಲಾದರೂ, ಅದರ ಬೇರು 1834ರಲ್ಲಿ ಈ ಊರಿಗೆ ಬಂದಿಳಿದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರ ಕಾಲಕ್ಕೆ ಹೋಗುತ್ತದೆ. ಸಭಾಪಾಲಕರಾಗಲು ಓದುವವರ ನಡುವೆ, ದೈವಶಾಸ್ತ್ರದ ಪದವಿಗಳನ್ನು ಕೊಡುವ ಸೆರಾಂಪುರ ಸೆನೆಟ್ಟಿನ ಬಾಹ್ಯ ಡಿಪ್ಲೊಮಾಕ್ಕೆ ಹೆಸರು ಕೊಟ್ಟು ರಜೆಯ ದಿನಗಳಲ್ಲಿ ತರಗತಿಗೆ ಬರುತ್ತಿದ್ದ ಬ್ಯಾಂಕ್ ನೌಕರರೂ ಶಾಲಾ ಶಿಕ್ಷಕಿಯರೂ ಇದ್ದೆವು. ದೈವಶಾಸ್ತ್ರವೆಲ್ಲ ಸಭಾಪಾಲಕರಾದ ಅಯ್ಯನವರಿಗೆ, ನಮಗೇನಿದ್ದರೂ ಪ್ರಾರ್ಥನೆ ಸಾಕು ಎಂಬ ಮಾತು ಸಭೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದನ್ನು ನಾನು ಒಪ್ಪದಿರಲು ಕಾರಣ, ನಮಗೆ ಹೊಸ ಒಡಂಬಡಿಕೆಯನ್ನು ಕಲಿಸಿದ ಗುರುಗಳು.

ಅವರು ಮೊದಲು ಎತ್ತಿಕೊಂಡದ್ದೇ ನಮಗೆಲ್ಲ ಬಾಯಿಪಾಠವಾಗಿದ್ದ ಕರ್ತನ ಪ್ರಾರ್ಥನೆಯನ್ನು. ಹಾಳೆಯ ನಡುವೆ ಗೆರೆ ಎಳೆಸಿ, ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ ಪಾಠವನ್ನು ಒಂದು ಕಡೆ, ಲೂಕನ ಸುವಾರ್ತೆಯ 11ನೆಯದನ್ನು ಇನ್ನೊಂದು ಕಡೆ ಬರೆಸಿದರು. ಲೂಕನದು ಚಿಕ್ಕದು, ಅದೂ ಶಿಷ್ಯನೊಬ್ಬನು ಕೇಳಿಕೊಂಡದ್ದಕ್ಕೆ ಯೇಸು ಕೊಟ್ಟ ಉತ್ತರ. ಮತ್ತಾಯನಲ್ಲಿ ಅದೇ ಪ್ರಾರ್ಥನೆ ಬೆಟ್ಟದ ಪ್ರಸಂಗದ ನಡುವೆ ಬರುತ್ತದೆ. ರಾಜ್ಯ, ಬಲ, ಮಹಿಮೆಗಳನ್ನು ದೇವರಿಗೆ ಸಲ್ಲಿಸುವ ಕೊನೆಯ ಸಾಲು ಮತ್ತಾಯನ ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲವೆಂದು ಅವರು ತಿಳಿಸಿದಾಗ, ಹಿರಿಯರೊಬ್ಬರು ಎದ್ದುನಿಂತು, “ಹಾಗಾದರೆ ಈ ಭಾನುವಾರ ಹೇಳಬೇಕೋ ಬೇಡವೋ?” ಎಂದು ಕೇಳಿಯೇಬಿಟ್ಟರು. ಗುರುಗಳು ನಗಲಿಲ್ಲ. ದಿದಖೆ ಎಂಬ ಆದಿಸಭೆಯ ಕೈಪಿಡಿಯನ್ನು ತೆರೆದು, ಅಲ್ಲಿ ಇದೇ ಪ್ರಾರ್ಥನೆ ಇಂಥದೇ ಸ್ತುತಿಯಿಂದ ಮುಗಿಯುವುದನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ, “ಧಾರಾಳವಾಗಿ ಹೇಳಿ, ಸಭೆ ಅಂದಿನಿಂದ ಹೇಳುತ್ತಲೇ ಬಂದಿದೆ” ಎಂದರು.

ಸಭಾಚರಿತ್ರೆಯ ತರಗತಿಯಲ್ಲಿ ಇದಕ್ಕಿಂತಲೂ ಕಠಿಣವಾದ ಅಭ್ಯಾಸವಿತ್ತು. ದೇವರ ಮಗನಾದ ಯೇಸುವೂ ಸೃಷ್ಟಿಯಾದವನೇ ಎಂಬ ಬೋಧನೆಯನ್ನು ತಳ್ಳಿಹಾಕಿದ 325ರ ನೈಸಿಯಾ ಸಭೆಯ ತೀರ್ಮಾನವನ್ನು ಓದುವ ಮೊದಲು, ಅದನ್ನು ಬೋಧಿಸಿದ ಅರಿಯನ ಪರವಾಗಿ ವಾದಿಸಬೇಕಿತ್ತು, ಮತ್ತು ಆ ಪಾಳಿ ನನ್ನ ಪಾಲಿಗೆ ಬಂತು. ಜ್ಞಾನೋಕ್ತಿ 8:22, ‘ತಂದೆಯು ನನಗಿಂತ ದೊಡ್ಡವನು’ ಎಂಬರ್ಥದ ಯೋಹಾನ 14:28 ಮುಂತಾದ ವಚನಗಳನ್ನು ಜೋಡಿಸುತ್ತ ಹೋದಂತೆ, ಆತನೂ ಸತ್ಯವೇದವನ್ನು ಹಿಡಿದೇ ಮಾತಾಡಿದ್ದನೆಂಬುದು ಮನದಟ್ಟಾಯಿತು. ಮಗನು ಸೃಷ್ಟಿಯಾದವನಾದರೆ ಆತನನ್ನು ಆರಾಧಿಸುವುದು ಹೇಗೆ, ಸೃಷ್ಟಿಯಾದವನು ನಮ್ಮನ್ನು ರಕ್ಷಿಸುವುದು ಹೇಗೆ ಎಂಬ, ಅರಿಯನನ್ನು ಎದುರಿಸಿದ ಅಥನಾಸಿಯನ ಪ್ರಶ್ನೆಯ ತೂಕ ತಿಳಿದದ್ದು ಅದಾದ ಮೇಲೆಯೇ. ಒಂದೇ ವಚನವನ್ನು ಕಿತ್ತುಕೊಂಡು ಎರಡು ನಿಮಿಷದಲ್ಲಿ ಎದುರಾಳಿಯನ್ನು ಮುಗಿಸಿಬಿಡುವ ಇಂದಿನ ಮೊಬೈಲ್ ಪ್ರಸಂಗಗಳು ನನಗೆ ರುಚಿಸದಿರುವುದು ಬಹುಶಃ ಈ ತರಬೇತಿಯಿಂದಲೇ ಇರಬೇಕು.

ಪರೀಕ್ಷೆಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಈಗ ನಮ್ಮ ಸಭೆಯಲ್ಲಿ ಕೆಲವರು ವಾರಕ್ಕೊಮ್ಮೆ ಸೇರಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯವನ್ನೂ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯವನ್ನೂ ಗೆರೆ ಎಳೆದ ಹಾಳೆಯಲ್ಲಿ ಬರೆದುಕೊಂಡು ಓದುತ್ತಿದ್ದೇವೆ. ಇಬ್ಬರೂ ಆದಿಕಾಂಡ 15:6ರ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಪೌಲನು ನಂಬಿಕೆಗೆ, ಯಾಕೋಬನು ಕ್ರಿಯೆಯಿಂದ ಪೂರ್ಣಗೊಳ್ಳುವ ನಂಬಿಕೆಗೆ. ಯಾಕೋಬನ ಪರ ವಾದಿಸಲು ಈ ಸಲ ಒಪ್ಪಿಕೊಂಡಿರುವವರು, ನಂಬಿಕೆಯೊಂದೇ ಸಾಕೆಂದು ಸಾರಿದ ಲೂಥರನ ಕಟ್ಟಾ ಅಭಿಮಾನಿ.